ನಾಲ್ಕು ವರ್ಷದ ವಿನ್ಯಾಸ ಪದವಿ: ಕಟ್ಟಿದ ಶುಲ್ಕ, ಬಂದ ಸಂಬಳ

ನನ್ನ ಮಗಳು ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಸಂವಹನ ವಿನ್ಯಾಸದ ಬಿ.ಡಿಸ್ ಪದವಿ ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ನಾಲ್ಕೂ ವರ್ಷ ಶುಲ್ಕ ಕಟ್ಟಿದ ತಾಯಿಯಾಗಿ, ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವಳಾಗಿ, ಈ ಪದವಿಯನ್ನು ತೂಗಿ ನೋಡಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಇಲ್ಲಿ ಹೇಳುವ ಬಹುಪಾಲು ಸಂಗತಿ ನಗರದ ಇಂಥ ಬೇರೆ ಕಾಲೇಜುಗಳಿಗೂ ಅನ್ವಯಿಸುತ್ತದೆ. ಕಲಿಕೆ ಚೆನ್ನಾಗಿತ್ತು, ಕೂಡಿಟ್ಟ ಹಣದಿಂದ ಕಟ್ಟುವವರಿಗೆ ನಷ್ಟವಿಲ್ಲ. ಆದರೆ ಪೂರ್ತಿ ಸಾಲ ಮಾಡಿ ಓದಿಸುವಷ್ಟು ಆದಾಯವನ್ನು ಈ ಪದವಿ ಮೊದಲ ವರ್ಷಗಳಲ್ಲಿ ತಂದುಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಪದವಿಯ ಜೀವಾಳವೆಂದರೆ ಸೆಮಿಸ್ಟರಿನ ಕೊನೆಗೆ ನಡೆಯುವ ಜ್ಯೂರಿ, ಅಂದರೆ ವಿದ್ಯಾರ್ಥಿಯ ಕೆಲಸವನ್ನು ಬಲ್ಲವರು ಎದುರಿಗೇ ಕೂತು ಪರಿಶೀಲಿಸುವ ಪರೀಕ್ಷೆ. ಮೂರನೆಯ ವರ್ಷ ಮಗಳು ರಾಗಿ ಹುರಿಹಿಟ್ಟಿನ ಪೊಟ್ಟಣವೊಂದನ್ನು ವಿನ್ಯಾಸ ಮಾಡಿದ್ದಳು. ಹೊರಗಿನಿಂದ ಬಂದಿದ್ದ ಹಿರಿಯ ವಿನ್ಯಾಸಕರೊಬ್ಬರು ಅದರ ಮೇಲೆ ಬಟರ್ ಪೇಪರ್ ಹಾಸಿ, ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವ ಜಾಗಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿ, ಇಂಗ್ಲಿಷಿಗೆ ಸರಿಹೋಗುವ ಸಾಲುಗಳ ನಡುವಿನ ಅಂತರ ಕನ್ನಡಕ್ಕೆ ಸಾಲದೆಂದು ತೋರಿಸಿಕೊಟ್ಟರಂತೆ. ಸಾಫ್ಟ್‌ವೇರನ್ನು ಯೂಟ್ಯೂಬ್ ನೋಡಿಯೂ ಕಲಿಯಬಹುದು. ಬಲ್ಲವರು ಎದುರಿಗೆ ಕೂತು ಹೀಗೆ ತಿದ್ದುವುದು ಅಲ್ಲಿ ಸಿಗದು. ಇಷ್ಟಾಗಿಯೂ ಕನ್ನಡ ಅಕ್ಷರ ವಿನ್ಯಾಸಕ್ಕೆಂದು ನಾಲ್ಕು ವರ್ಷದಲ್ಲಿ ಇದ್ದದ್ದು ಒಂದೇ ಕಾರ್ಯಾಗಾರ. ಅಂಗಡಿ ಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದ ರಾಜ್ಯದ ರಾಜಧಾನಿಯಲ್ಲಿ, ಭಾಷಾಭಿಮಾನ ಹಾಗಿರಲಿ, ದುಡಿಮೆಯ ದೃಷ್ಟಿಯಿಂದಲೂ ಇದು ಜಾಣತನವಲ್ಲ.

ಶುಲ್ಕದ ಪಟ್ಟಿಯಲ್ಲಿ ಕಾಣದ ಖರ್ಚುಗಳು ಹಲವು. ಒಳ್ಳೆಯ ಲ್ಯಾಪ್‌ಟಾಪ್, ಡ್ರಾಯಿಂಗ್ ಟ್ಯಾಬ್ಲೆಟ್, ಅಡೋಬ್ ಚಂದಾ (ಫಿಗ್ಮಾ ಎಂಬ ಇನ್ನೊಂದು ವಿನ್ಯಾಸ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಉಚಿತ ಎಂಬುದೊಂದು ಸಮಾಧಾನ), ಫೋಮ್ ಬೋರ್ಡು, ಜ್ಯೂರಿಯ ವಾರದಲ್ಲಿ ಸುಲ್ತಾನ್‌ಪೇಟೆಯ ಮುದ್ರಣದಂಗಡಿಗಳಿಗೆ ಸಲ್ಲುವ ಹಣ. ಇವನ್ನು ನಿರೀಕ್ಷಿಸಬಹುದು. ಆದರೆ ಹೊರರಾಜ್ಯದ ಕ್ಷೇತ್ರ ಅಧ್ಯಯನಕ್ಕೆ ಪ್ರತ್ಯೇಕ ಹಣ ಕಟ್ಟಬೇಕೆಂದು ಹೊರಡುವ ದಿನ ಹತ್ತಿರ ಬಂದಾಗ ತಿಳಿಸಿದ ಕಾಲೇಜಿನ ಕ್ರಮ ಸರಿಯಲ್ಲ.

ಇನ್ನು ಸಾಲದ ಲೆಕ್ಕ. ಒಟ್ಟು 15 ಲಕ್ಷ ರೂಪಾಯಿ ಸಾಲ ಪಡೆದು, ಅದು ವರ್ಷಾರಂಭಕ್ಕೆ 3.75 ಲಕ್ಷದಂತೆ ನಾಲ್ಕು ಬಾರಿ ಬಿಡುಗಡೆಯಾಗಿ, ಬಡ್ಡಿ ಶೇ 10 ಇದೆ ಎಂದಿಟ್ಟುಕೊಳ್ಳೋಣ. ಓದಿನ ಅವಧಿ ಹಾಗೂ ಅನಂತರದ ಒಂದು ವರ್ಷ ಸಾಮಾನ್ಯವಾಗಿ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ಸರಳ ಬಡ್ಡಿಯಲ್ಲಿ ಲೆಕ್ಕ ಹಾಕಿದರೂ ಅಷ್ಟರಲ್ಲಿ 5.25 ಲಕ್ಷ ಕೂಡಿ, ಮೊದಲ ಕಂತಿನ ಹೊತ್ತಿಗೆ ಬಾಕಿ 20.25 ಲಕ್ಷವಾಗುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಇಎಂಐ ಸುಮಾರು 26,800 ರೂಪಾಯಿ. ಓದುವಾಗಲೂ ಅನಂತರದ ಆ ಒಂದು ವರ್ಷವೂ ಮನೆಯವರು ಬಡ್ಡಿ ಕಟ್ಟುತ್ತ ಬಂದರೆ ಅದೇ ಕಂತು 19,800ಕ್ಕೆ ಇಳಿಯುತ್ತದೆ. 7.5 ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಅಡಮಾನವಿಲ್ಲದೆ ಸಾಲ ಕೊಡಿಸುವ, 2024ರಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಸಂಸ್ಥೆಗಳಿಗೆ ಮಾತ್ರ. ನಮ್ಮ ಕಾಲೇಜು ಆ ಪಟ್ಟಿಯಲ್ಲಿರಲಿಲ್ಲ.

ಇದರ ಎದುರಿಗೆ ಸಂಬಳವನ್ನು ಇಡೋಣ. ಮಗಳಿಗೆ ಸಿಕ್ಕಿದ್ದು ವರ್ಷಕ್ಕೆ 6 ಲಕ್ಷದ ಪ್ಯಾಕೇಜು. ಅದರಲ್ಲಿ ಕಂಪನಿಯ ಪಾಲಿನ ಪಿಎಫ್, ಗ್ರಾಚುಟಿ ಎಲ್ಲವೂ ಸೇರಿರುತ್ತವೆ; ಅವಳ ಪಾಲಿನ ಪಿಎಫ್ ಮತ್ತು 200 ರೂಪಾಯಿ ವೃತ್ತಿ ತೆರಿಗೆ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 45,000. ಮೇಲಿನ ಇಎಂಐ ಕಟ್ಟಿದರೆ ಉಳಿಯುವುದು 18,000 ಚಿಲ್ಲರೆ. ವಿಜಯನಗರದ ಸ್ವಂತ ಮನೆಯಿಂದ ಮೆಟ್ರೊ ಹತ್ತಿ ಕೆಲಸಕ್ಕೆ ಹೋಗುವ ಹುಡುಗಿಗೆ ಅದು ಸಾಕು. ಹಾವೇರಿಯಿಂದಲೋ ದಾವಣಗೆರೆಯಿಂದಲೋ ಬಂದು ಪಿಜಿಯಲ್ಲಿರುವ ಹುಡುಗಿಗೆ ಬಾಡಿಗೆ, ಊಟ, ಓಡಾಟ ಕಳೆದ ಮೇಲೆ ತಿಂಗಳ ಕೊನೆಗೆ ಮತ್ತೆ ಮನೆಗೇ ಫೋನ್ ಮಾಡಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಅಸಮಾಧಾನ ತಂದ ವಿಷಯ ಬೇರೆ. ಇಂಟರ್‍ಯಾಕ್ಷನ್ ವಿನ್ಯಾಸಕ್ಕೂ (ಆ್ಯಪ್, ವೆಬ್‌ಸೈಟುಗಳನ್ನು ಜನ ಬಳಸುವ ಬಗೆಯನ್ನು ರೂಪಿಸುವುದು) ಸಿರಾಮಿಕ್ಸ್‌ಗೂ ಜವಳಿ ವಿನ್ಯಾಸಕ್ಕೂ ಕಾಲೇಜು ಪಡೆಯುವುದು ಒಂದೇ ಶುಲ್ಕ. ಆದರೆ ಆ್ಯಪ್ ಮಾಡುವ ಕಂಪನಿಗಳು ತುಂಬಿರುವ ಈ ಊರಿನಲ್ಲಿ ಮೊದಲನೆಯ ವಿಭಾಗದವರಿಗೆ ಸಿಗುವ ಸಂಬಳ ಉಳಿದವರಿಗೆ ಸಿಗುವುದಿಲ್ಲ. ಮಗಳ ಗೆಳತಿ, ತರಗತಿಯಲ್ಲಿ ಎಲ್ಲರಿಗಿಂತ ಕೈಚಳಕ ಇದ್ದವಳು, ಕುಂಬಾರಿಕೆಯ ಸ್ಟುಡಿಯೋವೊಂದರಲ್ಲಿ ತಿಂಗಳಿಗೆ 22,000ಕ್ಕೆ ದುಡಿಯುತ್ತಿದ್ದಾಳೆ. ಪ್ರಾಸ್ಪೆಕ್ಟಸ್ ಮಾತ್ರ ಎಲ್ಲ ವಿಭಾಗಗಳನ್ನೂ ಸೇರಿಸಿ ಒಂದೇ ‘ಸರಾಸರಿ ಪ್ಯಾಕೇಜ್’ ಅಚ್ಚು ಹಾಕುತ್ತದೆ. ಒಬ್ಬರಿಗೆ 24 ಲಕ್ಷ, ಒಂಬತ್ತು ಮಂದಿಗೆ ತಲಾ 4 ಲಕ್ಷ ಬಂದರೂ ಸರಾಸರಿ 6 ಲಕ್ಷ. ಆದ್ದರಿಂದ ಕೇಳಬೇಕಾದದ್ದು ನಿಮ್ಮ ವಿಭಾಗದವರನ್ನು ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವ ವಿದ್ಯಾರ್ಥಿಯ ಸಂಬಳ, ಮತ್ತು ಒಟ್ಟು ಎಷ್ಟು ಜನರಲ್ಲಿ ಎಷ್ಟು ಜನರಿಗೆ ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿತು ಎಂಬುದು. ನಾನು ಕೇಳಿದಾಗ ಪ್ಲೇಸ್‌ಮೆಂಟ್ ವಿಭಾಗದವರು ಬಹಳ ವಿನಯದಿಂದ ಮತ್ತೆ ಅದೇ ಪ್ರಾಸ್ಪೆಕ್ಟಸ್ ಕೊಟ್ಟರು.

ಕಡಿಮೆ ಖರ್ಚಿನ ದಾರಿಗಳೂ ಇವೆ, ಕೆಲವು ಇದೇ ಊರಿನಲ್ಲಿವೆ, ಆದರೆ ಪೈಪೋಟಿ ಹೆಚ್ಚು. ಐಐಟಿಗಳ ಬಿ.ಡಿಸ್ ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯನ್ನು ದ್ವಿತೀಯ ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಬರೆಯಬಹುದು. ಚಿತ್ರಕಲಾ ಪರಿಷತ್ತಿನಲ್ಲಿ ದೃಶ್ಯಕಲೆ ಓದಿ, ಆಮೇಲೆ ತುಮಕೂರು ರಸ್ತೆಯ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಕ್ಯಾಂಪಸ್ಸಿನ ಸ್ನಾತಕೋತ್ತರ ಪದವಿಯಾದ ಎಂ.ಡಿಸ್‌ಗೆ ಪ್ರಯತ್ನಿಸಬಹುದು. ಎಂಜಿನಿಯರಿಂಗ್ ಮುಗಿಸಿದವರಿಗೆ ಐಐಎಸ್‌ಸಿಯ ಎಂ.ಡಿಸ್ ಇದೆ. ಸ್ನಾತಕೋತ್ತರ ಹಂತಕ್ಕೆ ಈ ಹಣವನ್ನು ಉಳಿಸಿಕೊಳ್ಳುವುದೇ ಹೆಚ್ಚು ಲಾಭದಾಯಕ ಎಂದು ನನಗನ್ನಿಸುತ್ತದೆ.

ಇಷ್ಟರ ಮೇಲೂ ಖಾಸಗಿ ಕಾಲೇಜಿಗೇ ಸೇರಿಸುವವರು, ಪದವಿ ಪ್ರಮಾಣಪತ್ರ ಕೊಡುವ ವಿಶ್ವವಿದ್ಯಾಲಯ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಯುಜಿಸಿಯ 2018ರ ಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಸಣ್ಣ ಸಂಸ್ಕರಣಾ ಮೊತ್ತ ಕಳೆದು ಶುಲ್ಕವೆಲ್ಲ ವಾಪಸಾಗುತ್ತದೆ, ಆ ದಿನಾಂಕ ಕಳೆದು 30 ದಿನವಾದ ಮೇಲೆ ಏನೂ ಬರುವುದಿಲ್ಲ. ಆದುದರಿಂದ ಆ ಕೊನೆಯ ದಿನಾಂಕ ಯಾವುದೆಂಬುದನ್ನು ಮೊದಲ ಕಂತು ಕಟ್ಟುವ ಮುನ್ನ ಲಿಖಿತವಾಗಿ ಪಡೆದುಕೊಳ್ಳಿ.