ಕ್ಯಾತ್ಸಂದ್ರದಲ್ಲಿ ಎರಡು ವರ್ಷದ ವಾಸ: ಯಾರಿಗೆ ಹಿತ, ಯಾರಿಗೆ ಕಷ್ಟ

ಬೆಂಗಳೂರಿನ ರಾಜಾಜಿನಗರದಲ್ಲಿ ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿದ್ದ ನಾವು ಎರಡು ವರ್ಷದ ಹಿಂದೆ ತುಮಕೂರಿನ ಕ್ಯಾತ್ಸಂದ್ರಕ್ಕೆ ಬಂದು ನೆಲೆಸಿದೆವು. ನನ್ನ ಮತ್ತು ನನ್ನ ಪತಿಯ ಕೆಲಸ ಈಗಲೂ ಬೆಂಗಳೂರಿನಲ್ಲೇ ಇದೆ. ಹಗಲು ಮನೆಯಲ್ಲಿರುವವರು ಎಪ್ಪತ್ತು ದಾಟಿದ ನಮ್ಮ ಅತ್ತೆ, ಮಧ್ಯಾಹ್ನದ ಮೇಲೆ ಶಾಲೆಯಿಂದ ಬರುವ ಮೂರನೆಯ ತರಗತಿಯ ಮಗಳು. ಬೆಂಗಳೂರಿನ ಬಾಡಿಗೆ ಭರಿಸಲಾಗದೆ ಈ ಕಡೆ ಮನೆ ನೋಡುತ್ತಿರುವವರು ನಮ್ಮ ಪರಿಚಯದಲ್ಲೇ ಹಲವರಿದ್ದಾರೆ. ಅವರೆಲ್ಲ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಹೇಗಿದೆ? ನನ್ನ ಅನುಭವದಲ್ಲಿ ಅದಕ್ಕೆ ಎರಡು ಉತ್ತರಗಳಿವೆ. ದಿನವಿಡೀ ಇಲ್ಲೇ ಇರುವವರಿಗೆ ಈ ಊರು ತುಂಬ ಒಳ್ಳೆಯದು. ದಿನವೂ ಬೆಂಗಳೂರಿಗೆ ಹೋಗಿ ಬರುವವರು ಆ ಒಳ್ಳೆಯತನದ ಬೆಲೆಯನ್ನು ತಮ್ಮ ಮೈಯಿಂದಲೇ ತೆರಬೇಕು.

ಬೆಂಗಳೂರಿನಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿಗೆ ಬರುವಾಗ ಮೊದಲು ಸಿಗುವುದೇ ಕ್ಯಾತ್ಸಂದ್ರ. ರಾಷ್ಟ್ರೀಯ ಹೆದ್ದಾರಿ 48ರಿಂದ ನಗರದೊಳಕ್ಕೆ ಹೋಗುವ ಬಿ.ಎಚ್. ರಸ್ತೆ ಇಲ್ಲಿಯೇ ಕವಲೊಡೆಯುತ್ತದೆ. ಹೊರಗಿನವರಿಗೆ ಈ ಹೆಸರು ಸಿದ್ಧಗಂಗಾ ಮಠದಿಂದ, ಇಲ್ಲವೇ ತಟ್ಟೆ ಇಡ್ಲಿಯಿಂದ ಗೊತ್ತು. ನಮ್ಮ ಮನೆ ಹೆದ್ದಾರಿಯಿಂದ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಒಳಗಿರುವ ಬಡಾವಣೆಯಲ್ಲಿದೆ. ಅರ್ಧದಷ್ಟು ಸೈಟುಗಳಲ್ಲಿ ಇನ್ನೂ ಮನೆ ಎದ್ದಿಲ್ಲ; ಖಾಲಿ ಸೈಟುಗಳಲ್ಲಿ ಅಕ್ಕಪಕ್ಕದವರು ಅವರೆ, ತೊಗರಿ ಹಾಕಿಕೊಳ್ಳುತ್ತಾರೆ.

ಎರಡು ಮಲಗುವ ಕೋಣೆಗಳ, ಗಾಳಿ ಬೆಳಕು ಧಾರಾಳವಾಗಿ ಬರುವ ಮನೆಗೆ ನಾವು ಕೊಡುತ್ತಿರುವ ಬಾಡಿಗೆ 9,500 ರೂಪಾಯಿ, ಮುಂಗಡ 80 ಸಾವಿರ. ರಾಜಾಜಿನಗರದಲ್ಲಿ ಇದಕ್ಕಿಂತ ಚಿಕ್ಕದಾದ, ಹಗಲಿನಲ್ಲೂ ದೀಪ ಹಾಕಿಕೊಂಡೇ ಇರಬೇಕಾಗಿದ್ದ ಮನೆಗೆ 21 ಸಾವಿರ ಬಾಡಿಗೆ, ಎರಡು ಲಕ್ಷ ಮುಂಗಡ ಕೊಟ್ಟಿದ್ದೆವು. ಭೋಗ್ಯಕ್ಕೂ ಇಲ್ಲಿ ಮನೆಗಳು ಸಿಗುತ್ತವೆ. ಆದರೆ ಮಾಲೀಕರ ಸಾಲದ ವಿಷಯ ತಿಳಿಯದೆ ದೊಡ್ಡ ಮೊತ್ತ ಕೊಡುವುದು ಬೇಡವೆಂದು ನಾವು ಆ ದಾರಿಗೆ ಹೋಗಲಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಹತ್ತಿರ ಹೋದಷ್ಟೂ ವಿದ್ಯಾರ್ಥಿಗಳು ನಾಲ್ಕೈದು ಜನ ಸೇರಿ ಮನೆ ಹಿಡಿಯುವುದರಿಂದ ಬಾಡಿಗೆ ಏರುತ್ತದೆ ಎಂಬುದನ್ನೂ ಮನೆ ಹುಡುಕುವಾಗ ಕಂಡುಕೊಂಡೆವು.

ಇನ್ನು ನಿಶ್ಶಬ್ದದ ವಿಷಯ. ಬಂದ ಮೊದಲ ವಾರ ನನಗೆ ರಾತ್ರಿ ನಿದ್ದೆಯೇ ಹತ್ತಲಿಲ್ಲ. ಹದಿನಾಲ್ಕು ವರ್ಷ ಕಿವಿಗೆ ರೂಢಿಯಾಗಿದ್ದ ಸದ್ದು ಇಲ್ಲಿರಲಿಲ್ಲ. ಹತ್ತು ಗಂಟೆಗೆ ಬೀದಿ ಮಲಗುತ್ತದೆ. ಆಮೇಲೆ ಕೇಳುವುದು ರೈಲಿನ ಹಾರ್ನ್, ದೂರದ ಲಾರಿಗಳ ಸದ್ದು ಮತ್ತು ನಾಯಿಗಳ ಬೊಗಳು. ಗಾಳಿ ಈ ಕಡೆ ಬೀಸಿದ ಸಂಜೆ ಮಠದ ಮಕ್ಕಳ ಸಾಮೂಹಿಕ ಪ್ರಾರ್ಥನೆ ಮಂದವಾಗಿ ಕೇಳಿಸುತ್ತದೆ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡುವ ದಾಸೋಹವನ್ನು ದಶಕಗಳ ಕಾಲ ನಡೆಸಿ, 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಚಿತ್ರ ಇಲ್ಲಿನ ಬಹುತೇಕ ಅಂಗಡಿಗಳ ಗೋಡೆಯ ಮೇಲಿದೆ. ಶಿವರಾತ್ರಿಯ ಆಸುಪಾಸಿನಲ್ಲಿ ಮಠದ ಜಾತ್ರೆ ಬಂದಾಗ ಮಾತ್ರ ಊರಿನ ಚಹರೆಯೇ ಬದಲಾಗುತ್ತದೆ: ದನಗಳ ಜಾತ್ರೆಗೆ ಜೋಡಿ ಎತ್ತುಗಳು ಬರುತ್ತವೆ, ವಸ್ತುಪ್ರದರ್ಶನಕ್ಕೆ ಜನ ಬರುತ್ತಾರೆ, ಮಠದ ರಸ್ತೆಯಲ್ಲಿ ವಾಹನ ಮುಂದೆ ಹೋಗುವುದಿಲ್ಲ. ಇದನ್ನು ನಾನು ದೂರಾಗಿ ಬರೆಯುತ್ತಿಲ್ಲ. ನನ್ನ ಮಗಳು ಹಳ್ಳಿಕಾರ್ ಎತ್ತನ್ನು ಮುಟ್ಟಿ ನೋಡಿದ್ದು ಇಲ್ಲಿ ಬಂದ ಮೇಲೆಯೇ.

ಅತ್ತೆಯ ಬದುಕಿನಲ್ಲಿ ಆದ ಬದಲಾವಣೆಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಈ ಊರಿನ ನಿಜವಾದ ಗುಣ ನನಗೆ ಕಂಡದ್ದು ಅದರಲ್ಲಿ. ಬೆಂಗಳೂರಿನಲ್ಲಿ ಮೂರನೆಯ ಮಹಡಿಯಿಂದ ಅವರು ಇಳಿಯುತ್ತಿದ್ದುದು ವಾರಕ್ಕೊಮ್ಮೆ ದೇವಸ್ಥಾನಕ್ಕೆ. ಇಲ್ಲಿಗೆ ಬಂದ ಮೊದಲ ಮಾರ್ಚ್ ತಿಂಗಳಲ್ಲಿ ಎದುರು ಮನೆಯ ಹೆಂಗಸರು ಹುಣಸೆಹಣ್ಣಿನ ಮೂಟೆ ಬಿಚ್ಚಿ ಜಗಲಿಯ ಮೇಲೆ ಕುಳಿತಿದ್ದರು. ತುಮಕೂರು ಹುಣಸೆಯ ದೊಡ್ಡ ಮಾರುಕಟ್ಟೆ. ಆ ಕಾಲದಲ್ಲಿ ಈ ಕೆಲಸ ಎಷ್ಟೋ ಬೀದಿಗಳಲ್ಲಿ ನಡೆಯುತ್ತದೆ. "ಅಮ್ಮಾರೇ, ಒಳಗೆ ಒಬ್ಬರೇ ಏನು ಮಾಡ್ತೀರಾ, ಬನ್ನಿ ಈ ಕಡೆ" ಎಂದು ಅವರು ಕರೆದರು. ಕಲ್ಲಿನ ಮೇಲೆ ಹಣ್ಣಿಟ್ಟು, ಚಿಕ್ಕ ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕಿ, ಬೀಜ ಹಾರಿದ ಮೇಲೆ ನಾರನ್ನು ಎಳೆದು ಪಕ್ಕಕ್ಕೆ ಹಾಕುವ ಕೆಲಸವನ್ನು ಅತ್ತೆ ತಮ್ಮ ತವರಿನಲ್ಲಿ ಬಾಲ್ಯದಲ್ಲೇ ಕಲಿತಿದ್ದರಂತೆ. ಆ ದಿನ ನಾನು ಕೆಲಸದಿಂದ ಬಂದಾಗ ಅವರ ಬೆರಳ ತುದಿಗಳು ಕಂದಾಗಿದ್ದವು, ಸೀರೆಯ ಮಡಿಲಿನಲ್ಲಿ ಹುಣಸೆಬೀಜಗಳಿದ್ದವು. ಈಗ ಬೀದಿಯ ಪ್ರತಿಯೊಂದು ಮನೆಯ ಸುದ್ದಿಯೂ ಅವರಿಗೆ ಗೊತ್ತು. ಅವರು ಒಂದು ದಿನ ಜಗಲಿಗೆ ಬರದಿದ್ದರೆ ಯಾರಾದರೊಬ್ಬರು ಬಂದು ಬಾಗಿಲು ತಟ್ಟುತ್ತಾರೆ. ನಾವಿಬ್ಬರೂ ದಿನಕ್ಕೆ ಹದಿನಾಲ್ಕು ಗಂಟೆ ಮನೆಯಲ್ಲಿ ಇಲ್ಲದಿರುವಾಗ ಇದಕ್ಕಿಂತ ದೊಡ್ಡ ಆಸರೆಯನ್ನು ನಾನು ಊಹಿಸಲಾರೆ.

ನೀರಿನ ವಿಷಯದಲ್ಲಿ ಮೊದಲ ವರ್ಷ ಕಷ್ಟಪಟ್ಟೆವು. ತುಮಕೂರು ನಗರದ ಕುಡಿಯುವ ನೀರು ಬಹುಮಟ್ಟಿಗೆ ಹೇಮಾವತಿ ನಾಲೆಯಿಂದ ತುಂಬುವ ಬುಗುಡನಹಳ್ಳಿ ಕೆರೆಯನ್ನು ನೆಚ್ಚಿಕೊಂಡಿದೆ. ನಾಲೆಯಲ್ಲಿ ನೀರು ಹರಿಯುವುದು ತಡವಾದರೆ ನಗರದ ನಲ್ಲಿಗಳಿಗೆ ಅದು ತಟ್ಟುತ್ತದೆ. ನಮ್ಮ ಬೀದಿಗೆ ಮಳೆಗಾಲದಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರ ದಾಟಿ ನೀರು ಬರುತ್ತದೆ. ನಾವು ಮೊದಲು ಹಿಡಿದ ಮನೆಯ ಮಾಲೀಕರು "ಬೋರ್‌ವೆಲ್ ಇದೆ, ನೀರಿಗೆ ಯೋಚನೆಯೇ ಬೇಡ" ಎಂದಿದ್ದರು. ಏಪ್ರಿಲ್‌ನಲ್ಲಿ ಆ ಕೊಳವೆಬಾವಿ ಬತ್ತಿತು. ಸಂಪು ಚಿಕ್ಕದಾಗಿದ್ದರಿಂದ ಟ್ಯಾಂಕರ್ ನೀರನ್ನೂ ಪೂರ್ತಿ ತುಂಬಿಸಿಕೊಳ್ಳಲಾಗುತ್ತಿರಲಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಅದೇ ಬೀದಿಯಲ್ಲಿ, ಆರು ಸಾವಿರ ಲೀಟರ್ ಸಂಪು ಇರುವ ಈಗಿನ ಮನೆಗೆ ಬಂದೆವು. ಇಲ್ಲಿ ಮನೆ ನೋಡಲು ಬರುವವರು ಅಡುಗೆಮನೆಗಿಂತ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಬೇಕು, ಕಳೆದ ಏಪ್ರಿಲ್‌ನಲ್ಲಿ ಏನಾಯಿತು ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಬೇಕು. ಒಳಚರಂಡಿಯ ಸಂಪರ್ಕ ಇದೆಯೋ, ಶೌಚದ ಗುಂಡಿಯೋ ಎಂಬುದನ್ನೂ ಆಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ದಿನಸಿ, ತರಕಾರಿ, ಹಾಲಿಗೆ ಕೊರತೆಯಿಲ್ಲ. ಭಾನುವಾರ ಬೆಳಿಗ್ಗೆ ಮೂವರೂ ನಡೆದು ಹೋಗಿ ತಟ್ಟೆ ಇಡ್ಲಿ ತಿಂದು, ಅತ್ತೆಗೆ ಕಟ್ಟಿಸಿಕೊಂಡು ಬರುತ್ತೇವೆ. ಬಿಸಿ ಇಡ್ಲಿಯ ನಡುವೆ ಇಟ್ಟ ಬೆಣ್ಣೆಯ ಮುದ್ದೆ ಕರಗಿ ಅಂಚಿಗೆ ಹರಿಯುವ ಮೊದಲೇ ಮಗಳು ಚಟ್ನಿ ಸುರಿದುಕೊಂಡಿರುತ್ತಾಳೆ. ಬಸದಿ ಬೆಟ್ಟದ ಮೇಲಿಂದ ಮೈದಾಳ ಕೆರೆಯನ್ನು ನೋಡುವುದು, ದೇವರಾಯನದುರ್ಗ, ನಾಮದ ಚಿಲುಮೆ ಇವೆಲ್ಲ ಅರ್ಧ ದಿನದ ಓಡಾಟ. ಆದರೆ ರಾತ್ರಿ ಹತ್ತರ ಮೇಲೆ ಔಷಧಿ ಬೇಕಾದರೆ ನಗರದೊಳಕ್ಕೇ ಹೋಗಬೇಕು. ಮಗಳಿಗೆ ಒಮ್ಮೆ ನಡುರಾತ್ರಿ ಜ್ವರ ಏರಿದಾಗ ಆಟೊ ಸಿಗದೆ, ಎದುರು ಮನೆಯವರೇ ತಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು.

ಈಗ ಪ್ರಯಾಣಕ್ಕೆ ಬರುತ್ತೇನೆ. ನನ್ನ ಪತಿ ಕ್ಯಾತ್ಸಂದ್ರ ನಿಲ್ದಾಣದಲ್ಲೇ ಪ್ಯಾಸೆಂಜರ್ ರೈಲು ಹತ್ತಿ ಸುಮಾರು ಒಂದೂವರೆ ಗಂಟೆಯಲ್ಲಿ ಯಶವಂತಪುರ ಸೇರುತ್ತಾರೆ. ತಿಂಗಳ ಪಾಸಿನ ಖರ್ಚು ಲೆಕ್ಕಕ್ಕೆ ಬರುವಷ್ಟಲ್ಲ. ಆದರೆ ಬಹುತೇಕ ಎಕ್ಸ್‌ಪ್ರೆಸ್ ರೈಲುಗಳು ಇಲ್ಲಿ ನಿಲ್ಲದಿರುವುದರಿಂದ ಒಂದು ರೈಲು ತಪ್ಪಿದರೆ ಆ ದಿನದ ಲೆಕ್ಕವೆಲ್ಲ ತಪ್ಪುತ್ತದೆ. ನಾನು ಬಸ್ಸಿನಲ್ಲಿ ಹೋಗುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಮತ್ತು 2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೊ ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ವಿಸ್ತರಣೆಯಾದ ಮೇಲೆ ಅಲ್ಲಿಯೇ ಇಳಿದು ಮೆಟ್ರೊ ಹಿಡಿಯುತ್ತಿದ್ದೇನೆ. ಇಷ್ಟಾದರೂ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಕಚೇರಿ ತಲುಪುವಾಗ ಒಂಬತ್ತೂಕಾಲು; ಹೆದ್ದಾರಿಯ ಕಾಮಗಾರಿಯಿಂದ ದಾಬಸ್‌ಪೇಟೆಯ ಬಳಿ ಸಿಕ್ಕಿಕೊಂಡರೆ ಇನ್ನೂ ತಡ. ತುಂಬಿದ ಬಸ್ಸಿನಲ್ಲಿ ಕ್ಯಾತ್ಸಂದ್ರದಲ್ಲಿ ಹತ್ತಿದವರಿಗೆ ಕೂರಲು ಜಾಗ ಸಿಗುವುದು ಅಪರೂಪ. ಸಂಜೆ ನಾನು ಮನೆಗೆ ಬರುವಾಗ ಎಂಟೂವರೆ ದಾಟಿರುತ್ತದೆ, ವಾರದಲ್ಲಿ ಎರಡು ದಿನವಾದರೂ ಮಗಳು ಅಷ್ಟರಲ್ಲಿ ಮಲಗಿರುತ್ತಾಳೆ.

ಮಾದಾವರದಿಂದ ತುಮಕೂರಿಗೆ ಮೆಟ್ರೊ ತರುವ ಸಾಧ್ಯತೆಯ ಅಧ್ಯಯನವನ್ನು 2024ರ ರಾಜ್ಯ ಬಜೆಟ್‌ನಲ್ಲಿ ಪ್ರಕಟಿಸಿದ ಮೇಲೆ ಸೈಟು ಮಾರುವವರ ಮಾತಿನಲ್ಲಿ ಮೆಟ್ರೊ ಆಗಲೇ ಓಡುತ್ತಿದೆ. ಅಧ್ಯಯನವೆಂದರೆ ಮಾರ್ಗವಲ್ಲ, ಅದನ್ನು ನಂಬಿ ಹೆಚ್ಚಿನ ದರ ಕೊಡಬೇಡಿ. ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ, ಇ-ಖಾತೆ ಎರಡನ್ನೂ ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ.

ಮನೆಯಿಂದಲೇ ಕೆಲಸ ಮಾಡುವವರಿಗೆ, ನಿವೃತ್ತರಿಗೆ, ತುಮಕೂರಿನಲ್ಲೇ ಉದ್ಯೋಗವಿರುವವರಿಗೆ ಕ್ಯಾತ್ಸಂದ್ರವನ್ನು ನಾನು ಎರಡು ಮಾತಿಲ್ಲದೆ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ವಾರಕ್ಕೆ ಆರು ದಿನ ಬೆಂಗಳೂರಿಗೆ ಹೋಗಬೇಕಾಗಿದ್ದು, ಮನೆಯಲ್ಲಿ ಹಿರಿಯರಿಲ್ಲದಿದ್ದರೆ ಬರಬೇಡಿ ಎಂದೇ ಹೇಳುತ್ತೇನೆ. ನಾವು ಕಳೆದ ತಿಂಗಳು ಐನೂರು ರೂಪಾಯಿ ಹೆಚ್ಚಿಗೆ ಒಪ್ಪಿ ಕರಾರನ್ನು ಮುಂದುವರಿಸಿದ್ದೇವೆ, ಮತ್ತು ನಾನು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ.