ಕಬ್ಬಿನ ಗದ್ದೆಗೆ ಲೋರಾ ಪಂಪ್ ಸ್ಟಾರ್ಟರ್: ಬಳಕೆದಾರರ ವಿಮರ್ಶೆ

ಮಂಡ್ಯ ಸೀಮೆಯ ಬೋರ್‌ವೆಲ್ ರೈತರಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಹೊಸದೇನಲ್ಲ. ಆದರೆ ನೆಟ್‌ವರ್ಕ್ ಇಲ್ಲದಾಗ ಅಥವಾ ರೀಚಾರ್ಜ್ ಮುಗಿದಾಗ ಮತ್ತೆ ಗದ್ದೆಗೇ ನಡೆಯಬೇಕು. ಮದ್ದೂರಿನ ಕಡೆಯ ನಮ್ಮ ಜಮೀನಿನಲ್ಲಿ ಕಬ್ಬು ನೆಟ್ಟ ಕಾಲದಿಂದ ಬಳಸುತ್ತಿರುವ ಲೋರಾ (ಕಡಿಮೆ ಶಕ್ತಿಯಲ್ಲಿ ಬಹು ದೂರಕ್ಕೆ ಚಿಕ್ಕ ಸಂದೇಶ ಕಳಿಸುವ ರೇಡಿಯೋ ತಂತ್ರ) ಸ್ಟಾರ್ಟರ್‌ಗೆ ಸಿಮ್ ಬೇಕಿಲ್ಲ. ಮನೆಯಲ್ಲೊಂದು ಪೆಟ್ಟಿಗೆ, ಪಂಪ್‌ಹೌಸಿನಲ್ಲಿ ಇನ್ನೊಂದು, ಮಣ್ಣಿನ ತೇವಾಂಶ ಅಳೆಯುವ ಒಂದು ಸೆನ್ಸರ್. ಇವು ರೇಡಿಯೋ ತರಂಗಗಳ ಮೂಲಕ ನೇರವಾಗಿ ಸಂದೇಶ ವಿನಿಮಯ ಮಾಡಿಕೊಳ್ಳುತ್ತವೆ.

ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದು. ಲೋರಾ ಕೆಲಸ ಮಾಡುವುದು ಇಲ್ಲಿಯೇ. ಕೆಲವೇ ಬೈಟ್‌ಗಳ ಸಂದೇಶವನ್ನು ಅದು ಒಂದೇ ಆವರ್ತನದಲ್ಲಿ ಕಳಿಸದೆ, ಆವರ್ತನವನ್ನು ಒಂದೇ ಸಮನೆ ಏರಿಸುತ್ತ ಕಳಿಸುತ್ತದೆ. ಆ ಏರಿಕೆ ಎಲ್ಲಿಂದ ಆರಂಭವಾಯಿತೆಂಬುದರಲ್ಲಿ ಮಾಹಿತಿ ಇರುತ್ತದೆ. ಏರಿಕೆಯ ಕ್ರಮ ಮೊದಲೇ ಗೊತ್ತಿರುವುದರಿಂದ, ಸಂಕೇತವು ಸುತ್ತಲಿನ ರೇಡಿಯೋ ಗದ್ದಲಕ್ಕಿಂತ ಕ್ಷೀಣವಾಗಿದ್ದರೂ ಸ್ವೀಕರಿಸುವ ಪೆಟ್ಟಿಗೆ ಅದನ್ನು ಹೆಕ್ಕಿ ತೆಗೆಯಬಲ್ಲದು. ಇದರಿಂದ ದೂರ ಸಿಗುತ್ತದೆ, ವೇಗ ಹೋಗುತ್ತದೆ: 125 ಕಿಲೋಹರ್ಟ್ಸ್ ಅಗಲದ ತರಂಗಪಟ್ಟಿಯಲ್ಲಿ, ಅತಿ ದೂರ ತಲುಪುವ ಹೊಂದಾಣಿಕೆಯಲ್ಲಿ, ಸೆಕೆಂಡಿಗೆ 300 ಬಿಟ್‌ಗಳೂ ಸಾಗುವುದಿಲ್ಲ. ಕ್ಯಾಮೆರಾ ಚಿತ್ರ ಬೇಕೆನ್ನುವವರಿಗೆ ಇದು ಒದಗದು. ಅದಕ್ಕೆ ವೈಫೈ ಇದೆ, ಆದರೆ 2.4 ಗಿಗಾಹರ್ಟ್ಸ್‌ನ ತರಂಗಗಳು ಹಸಿ ಸೋಗೆಯ ನಡುವೆ ಬೇಗ ಸೊರಗುತ್ತವೆ.

ನನಗೆ ಬಹಳ ಮೆಚ್ಚುಗೆಯಾದದ್ದು ಮರುಉತ್ತರದ ವ್ಯವಸ್ಥೆ. ಮನೆಯಲ್ಲಿ ಗುಂಡಿ ಒತ್ತಿದ ಕೂಡಲೇ ಹಸಿರು ದೀಪ ಹತ್ತುವುದಿಲ್ಲ. ಪಂಪ್‌ಹೌಸಿನ ಪೆಟ್ಟಿಗೆ ಮೂರೂ ಫೇಸ್‌ಗಳ ಕರೆಂಟ್ ಅಳೆದು, ಮೋಟಾರು ನಿಜವಾಗಿಯೂ ಓಡುತ್ತಿದೆ ಎಂದು ತಿಳಿಸಿದ ಮೇಲಷ್ಟೇ ಹತ್ತುತ್ತದೆ. ಬೋರಿನಲ್ಲಿ ನೀರು ಇಳಿದು ಮೋಟಾರಿನ ಮೇಲಿನ ಹೊರೆ ತಗ್ಗಿದರೆ ತಾನೇ ನಿಲ್ಲಿಸುತ್ತದೆ. ತ್ರೀ ಫೇಸ್ ವಿದ್ಯುತ್ ಅಪರಾತ್ರಿಯಲ್ಲಿ ಬಂದಾಗ, ಹಾವು ಹುಳುಗಳಿರುವ ಬದುವಿನ ಮೇಲೆ ಟಾರ್ಚ್ ಹಿಡಿದು ಹೋಗಬೇಕಾದ ಕಷ್ಟ ನಮ್ಮ ಮನೆಯವರಿಗೆ ತಪ್ಪಿದೆ.

ಅಳವಡಿಕೆಯ ಸೇವೆ ಮಾತ್ರ ತೃಪ್ತಿಕರವಾಗಿರಲಿಲ್ಲ. ಬಂದವರು ಆಂಟೆನಾವನ್ನು ತಗಡಿನ ಪ್ಯಾನಲ್ ಡಬ್ಬದೊಳಗೇ ಬಿಟ್ಟಿದ್ದರು. ಲೋಹ ತರಂಗಗಳನ್ನು ತಡೆಯುತ್ತದೆ. ಪೈರು ಚಿಕ್ಕದಿದ್ದಾಗ ಹೇಗೋ ನಡೆಯಿತು. ಕಬ್ಬು ಆಳೆತ್ತರ ದಾಟಿದ ಮೇಲೆ ಉತ್ತರ ಬರುವುದು ನಿಂತಿತು. ಕೇಬಲ್ ಹೊರಗೆಳೆದು, ಜಿಐ ಪೈಪಿನ ತುದಿಯಲ್ಲಿ ಸೋಗೆಗಿಂತ ಎತ್ತರಕ್ಕೆ ಆಂಟೆನಾ ನಿಲ್ಲಿಸಿದ ಬಳಿಕ ತೊಂದರೆ ಮರುಕಳಿಸಿಲ್ಲ. ಹಣ ಕೊಡುವ ಮುನ್ನ ಈ ಕೆಲಸ ಮಾಡಿಸಿಕೊಳ್ಳಿ.

ಮನೆಗೂ ಗದ್ದೆಗೂ ಒಂದೆರಡು ಕಿಲೋಮೀಟರ್ ಅಂತರವಿರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದುಕೊಂಡು ಊರಿನ ಮೋಟಾರು ಓಡಿಸಬೇಕೆನ್ನುವವರಿಗೆ ಸಿಮ್ ಸ್ಟಾರ್ಟರೇ ಸೂಕ್ತ.