ತೊಗರಿ ಬೀಜೋಪಚಾರದ ಪೊಟ್ಟಣಗಳು: ಗೊಬ್ಬರದಂಗಡಿಯೊಂದರ ದಾಸ್ತಾನು ಹೇಗಿದೆ?

ಕಲಬುರಗಿ ಭಾಗದ ತೊಗರಿ ಬೆಳೆಗಾರರಲ್ಲಿ ಅನೇಕರು ಬೀಜೋಪಚಾರದ, ಅಂದರೆ ಬಿತ್ತುವ ಮುನ್ನ ಬೀಜಕ್ಕೆ ಲೇಪಿಸುವ, ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಮತ್ತು ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ) ಪೊಟ್ಟಣಗಳನ್ನು ಗೊಬ್ಬರ, ಕೀಟನಾಶಕ ಮಾರುವ ಅಂಗಡಿಗಳಿಂದಲೇ ಕೊಳ್ಳುತ್ತಾರೆ. ನಾನು ವ್ಯವಹರಿಸುವ ಅಂಥದೊಂದು ಅಂಗಡಿಯ ವಿಮರ್ಶೆ ಇದು, ಹೆಸರು ಬೇಡ. ಬೆಲೆಯಲ್ಲಿ ಮೋಸವಿಲ್ಲ, ರಸೀದಿ ಕೇಳದೆಯೇ ಕೊಡುತ್ತಾರೆ, ಅವಧಿ ಮುಗಿದ ಸರಕನ್ನು ದಾಟಿಸುವ ಚಾಳಿಯೂ ಅವರಿಗಿಲ್ಲ. ನನ್ನ ತಕರಾರು ದಾಸ್ತಾನಿನ ಬಗ್ಗೆ ಮಾತ್ರ, ಆದರೆ ಜೀವಂತ ಸರಕು ಮಾರುವವರ ವಿಷಯದಲ್ಲಿ ಅದು ಸಣ್ಣ ತಕರಾರಲ್ಲ.

ತೊಗರಿ ಬಿತ್ತನೆ ನಡೆಯುವುದು ಮುಂಗಾರು ಮಳೆ ಬಿದ್ದ ಮೇಲೆ, ಜೂನ್–ಜುಲೈನಲ್ಲಿ. ಆ ಬೇಡಿಕೆಗೆಂದು ಈ ಅಂಗಡಿ ಏಪ್ರಿಲ್–ಮೇ ತಿಂಗಳಲ್ಲೇ ಸರಕು ತರಿಸಿ ಹಿತ್ತಲಿನ ತಗಡಿನ ಚಾವಣಿಯ ಗೋದಾಮಿನಲ್ಲಿ ಇಡುತ್ತದೆ. ಹೊರಗೆ ನೆರಳಿನಲ್ಲೇ 40 ಡಿಗ್ರಿ ದಾಟುವ ಆ ದಿನಗಳಲ್ಲಿ ತಗಡಿನ ಕೆಳಗಿನ ಸೆಖೆ ಎಷ್ಟಿರುತ್ತದೆ ಎಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ರೈಜೋಬಿಯಂನಲ್ಲಿ ಗ್ರಾಂ ಒಂದಕ್ಕೆ ಕನಿಷ್ಠ 5 ಕೋಟಿ, ದ್ರವರೂಪದ್ದರಲ್ಲಿ ಮಿಲಿ ಲೀಟರಿಗೆ 10 ಕೋಟಿ ಜೀವಂತ ಕೋಶಗಳಿರಬೇಕು. ಪೊಟ್ಟಣದ ಮೇಲಿನ ಅವಧಿಯ ದಿನಾಂಕವು ಸರಕನ್ನು ತಂಪಾದ, ಒಣಗಿದ, ಬಿಸಿಲು ತಾಗದ ಜಾಗದಲ್ಲಿ ಇಟ್ಟಿರುತ್ತಾರೆಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆ ಸುಳ್ಳಾದರೆ ದಿನಾಂಕಕ್ಕೂ ಅರ್ಥ ಉಳಿಯುವುದಿಲ್ಲ. ಮಾರಾಟಗಾರರಾದರೋ ದಿನಾಂಕವನ್ನೇ ತೋರಿಸಿ ಸಮಾಧಾನ ಹೇಳುತ್ತಾರೆ.

ಸೆಖೆಯ ಪೆಟ್ಟು ಎಲ್ಲ ಜೀವಾಣುಗಳಿಗೂ ಒಂದೇ ತೆರನಾಗಿ ಬೀಳುವುದಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಪ್ರತಿಕೂಲ ಕಾಲದಲ್ಲಿ ಗಟ್ಟಿ ಕವಚದ ಬೀಜಾಣುಗಳಾಗಿ ನಿಲ್ಲುವುದರಿಂದ ಒಂದಿಷ್ಟು ಕಾವನ್ನೂ ಒಣಹವೆಯನ್ನೂ ತಾಳಿಕೊಳ್ಳುತ್ತವೆ. ರೈಜೋಬಿಯಂ, ಅಜೋಸ್ಪಿರಿಲಂ, ಸೂಡೋಮೊನಾಸ್‌ಗಳಿಗೆ ಆ ರಕ್ಷಣೆ ಇಲ್ಲ. ಪುಡಿಯ ತೇವ ಆರಿ ಕಾವು ಏರಿದರೆ ಅವುಗಳ ಸಂಖ್ಯೆ ಬೇಗ ಕುಸಿಯುತ್ತದೆ. ಟ್ರೈಕೋಡರ್ಮಾ ಶಿಲೀಂಧ್ರ ಇವೆರಡರ ನಡುವಿನದು. ಇಷ್ಟು ವ್ಯತ್ಯಾಸವಿರುವ ಸರಕುಗಳನ್ನೆಲ್ಲ ಈ ಅಂಗಡಿ ಒಂದೇ ಮೂಲೆಯಲ್ಲಿ, ಅದೂ ಶಿಲೀಂಧ್ರನಾಶಕದ ಪೆಟ್ಟಿಗೆಗಳಿಗೆ ಆನಿಸಿ ಪೇರಿಸಿಡುತ್ತದೆ. ಒಡೆದ ಪೊಟ್ಟಣದಿಂದ ಚೆಲ್ಲಿದ ಕಾರ್ಬೆಂಡೆಜಿಮ್ ಎಂಬ ಶಿಲೀಂಧ್ರನಾಶಕದ ಪುಡಿ ಪಕ್ಕದ ಟ್ರೈಕೋಡರ್ಮಾ ಪೊಟ್ಟಣಗಳ ಮೇಲೆ ಬಿದ್ದಿದ್ದನ್ನು ನಾನೇ ತೋರಿಸಿಕೊಟ್ಟಾಗ ಮಾಲೀಕರು ಒರೆಸಿದರೇ ಹೊರತು ಜಾಗ ಬದಲಿಸಲಿಲ್ಲ.

ವಿಪರ್ಯಾಸವೆಂದರೆ ಅಂಗಡಿಯ ಮುಂಭಾಗದ ಕೋಣೆ ದಪ್ಪ ಕಲ್ಲಿನ ಗೋಡೆಯದ್ದು, ಮಧ್ಯಾಹ್ನದಲ್ಲೂ ತಂಪಾಗಿರುತ್ತದೆ. ಅಲ್ಲಿ ಸ್ಪ್ರೇಯರ್‌ಗಳನ್ನೂ ಪ್ಲಾಸ್ಟಿಕ್ ಪೈಪುಗಳನ್ನೂ ಜೋಡಿಸಿದ್ದಾರೆ! ಹವಾನಿಯಂತ್ರಣದ ಖರ್ಚಿಲ್ಲದೆ, ಎರಡು ಕಪಾಟುಗಳನ್ನು ಅದಲುಬದಲು ಮಾಡಿದರೆ ಅರ್ಧ ಸಮಸ್ಯೆ ನೀಗುತ್ತದೆ.

ಕೊಂಡ ಸರಕು ಸತ್ವಯುತವೇ ಎಂದು ಕಣ್ಣಿನಿಂದ ಪೂರ್ತಿ ತಿಳಿಯಲಾಗದು. ಪೊಟ್ಟಣ ಗಾಳಿ ತುಂಬಿ ಉಬ್ಬಿದ್ದರೆ ಅಥವಾ ಪುಡಿ ಕಲ್ಲಿನಂತೆ ಗಂಟುಕಟ್ಟಿದ್ದರೆ ಹಿಂದಿರುಗಿಸುವುದೇ ಸರಿ. ಟ್ರೈಕೋಡರ್ಮಾವನ್ನು ತೇವವಿರುವ ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯೊಂದಿಗೆ ಬೆರೆಸಿ ನೆರಳಿನಲ್ಲಿ ಮುಚ್ಚಿಟ್ಟರೆ ಒಂದೆರಡು ವಾರದಲ್ಲಿ ಹಸಿರು ಬೂಷ್ಟು ಹಬ್ಬಬೇಕು. ಈ ಅಂಗಡಿಯ ಬೇಸಿಗೆ ದಾಸ್ತಾನಿನ ಪೊಟ್ಟಣದಲ್ಲಿ ಅದು ಅಲ್ಲಲ್ಲಿ ಚುಕ್ಕೆಯಾಗಿ ಮಾತ್ರ ಕಂಡಿತು. ರೈಜೋಬಿಯಂ ವಿಷಯದಲ್ಲಿ ಬೇರಿನ ಗಂಟು ಸೀಳಿ ಒಳಗೆ ಗುಲಾಬಿ ಬಣ್ಣ (ಗಂಟು ಕೆಲಸ ಮಾಡುತ್ತಿರುವ ಗುರುತು) ಇದೆಯೇ ಎಂದು ನೋಡುವ ರೂಢಿಯಿದೆ. ಆದರೆ ನಮ್ಮ ಎರೆಭೂಮಿಯಲ್ಲಿ ಮೊದಲೇ ಇರುವ ರೈಜೋಬಿಯಂಗಳೂ ಗಂಟು ಕಟ್ಟುವುದರಿಂದ ಅದನ್ನು ಪೊಟ್ಟಣಕ್ಕೆ ಕೊಡುವ ಪ್ರಮಾಣಪತ್ರವೆಂದು ತಿಳಿಯಬಾರದು.

ರಾಸಾಯನಿಕ ಗೊಬ್ಬರ ಮತ್ತು ಸಲಕರಣೆಗಳಿಗೆ ಈ ಅಂಗಡಿಗೇ ಹೋಗುತ್ತೇನೆ, ಇತರರಿಗೂ ಹೇಳುತ್ತೇನೆ. ಜೈವಿಕ ಸರಕಿನಲ್ಲಿ ಬ್ಯಾಸಿಲಸ್ ಆಧಾರಿತ ಉತ್ಪನ್ನಗಳನ್ನು ತಯಾರಿಕೆಯ ದಿನಾಂಕ ನೋಡಿ ಇಲ್ಲಿಂದ ಕೊಳ್ಳಬಹುದು. ರೈಜೋಬಿಯಂ ಮತ್ತು ಟ್ರೈಕೋಡರ್ಮಾಗಳನ್ನು ಮಾತ್ರ ಕೃಷಿ ವಿಜ್ಞಾನ ಕೇಂದ್ರ ಅಥವಾ ಕೃಷಿ ವಿಶ್ವವಿದ್ಯಾಲಯದ ಮಾರಾಟ ಮಳಿಗೆಯಲ್ಲಿ ಮೊದಲೇ ವಿಚಾರಿಸಿ, ಬಿತ್ತನೆಯ ವಾರದಲ್ಲಿ ಹೊಸದಾಗಿ ತಯಾರಾದದ್ದನ್ನು ತರುವುದು ಒಳ್ಳೆಯದು. ತಂದ ಮೇಲೆ ಬಸ್ಸಿನ ಟಾಪಿನಲ್ಲಾಗಲಿ ಬೈಕಿನ ಡಿಕ್ಕಿಯಲ್ಲಾಗಲಿ ಮಧ್ಯಾಹ್ನವೆಲ್ಲ ಬಿಸಿಲಿಗೆ ಬಿಡಬಾರದು.